ಪೇಂಟ್ ಆಮೇಲೆ, ಮೊದ್ಲು ಹಿಂದ್ಗಡೆ ಹಲಗೆ ತಟ್ಟಿ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೇ ಫೈಬರ್ ಬೋಟ್ ರಿಪೇರಿ

ಪ್ರಶ್ನೆ: ನಮ್ಮ ಮಾವನವರು ಸಾಗರದ ಕಡೆಯವ್ರು, ಶರಾವತಿ ಹಿನ್ನೀರಲ್ಲಿ ಓಡಾಡೋಕೆ ಅಂತ 14 ಅಡಿ ಫೈಬರ್ ಬೋಟ್ ಇಟ್ಕೊಂಡಿದ್ರು. ಈಗ ಓಡ್ಸೋರು ಯಾರೂ ಇಲ್ಲ ಅಂತ ಪಿಕಪ್‌ನಲ್ಲಿ ಹಾಕ್ಸಿ ಬೆಂಗ್ಳೂರಿಗೆ ತಂದು ಪಕ್ಕದ ಖಾಲಿ ಸೈಟಲ್ಲಿ ಟಾರ್ಪಾಲ್ ಹೊದ್ಸಿ ಇಟ್ಟಿದೀನಿ. ಕೆಂಪು ಬಣ್ಣ ಪೂರ್ತಿ ಮಂಕಾಗಿದೆ, ಸವರಿದ್ರೆ ಕೈಗೆ ಪುಡಿ ಅಂಟತ್ತೆ, ಮುಂದ್ಗಡೆ ಸಣ್ಣ ಸಣ್ಣ ಬಿರುಕಿದೆ. ಕಾರ್ ಪೇಂಟ್ ಮಾಡೋ ಒಬ್ರು ಬಂದು ನೋಡಿ, ಪುಟ್ಟಿ ಎಳ್ದು ಎರಡು ಕೋಟ್ ಪೇಂಟ್ ಹೊಡೆದ್ರೆ ಹೊಸದಾಗತ್ತೆ ಅಂದ್ರು. ಮಾಡಿಸ್ಲಾ? ಅಂದ್ಹಾಗೆ ಮೋಟ್ರು ಕೂರ್ಸೋ ಹಿಂದಿನ ಹಲಗೆ ಒತ್ತಿದ್ರೆ ಸ್ವಲ್ಪ ಅಲ್ಲಾಡತ್ತೆ.
— ಒಬ್ಬ ಓದುಗರು, ಜೆ.ಪಿ. ನಗರ

ಉತ್ತರ: ಸರ್, ನಿಮ್ಮ ಪತ್ರ ಇನ್ನೂ ಉದ್ದ ಇತ್ತು, ಜಾಗ ಸಾಲ್ದೆ ಚಿಕ್ಕದು ಮಾಡಿದೀವಿ. ಅದರಲ್ಲಿ ಮುಕ್ಕಾಲು ಪಾಲು ಬಣ್ಣದ ಮಾತೇ, ಹಲಗೆ ಅಲ್ಲಾಡತ್ತೆ ಅನ್ನೋದು ಕೊನೇಲಿ ಒಂದೇ ಸಾಲು. ನನ್ ಪ್ರಕಾರ ಓದ್ಬೇಕಾಗಿರೋದು ಆ ಸಾಲು ಒಂದನ್ನೇ. ಪೇಂಟರ್‌ನ ಸದ್ಯಕ್ಕೆ ವಾಪಸ್ ಕಳಿಸಿ.

ಆ ಹಲಗೆಗೆ ಟ್ರಾನ್ಸಮ್ ಅಂತಾರೆ. ಹೊರಗಿಂದ ನೋಡಿದ್ರೆ ಗಟ್ಟಿ ಫೈಬರ್ ಅನ್ಸತ್ತೆ, ಆದ್ರೆ ಹಳೇ ಬೋಟ್‌ಗಳಲ್ಲಿ ಬಹುಪಾಲು ಅದು ಹೊರಗೊಂದು ಒಳಗೊಂದು ಫೈಬರ್ ಪದರ ಇದ್ದು ಮಧ್ಯದಲ್ಲಿ ಪ್ಲೈವುಡ್ ಇರೋ ಸ್ಯಾಂಡ್‌ವಿಚ್. ಮೋಟ್ರು ಬೋಲ್ಟಿಗೆ ಹೊಡೆದ ತೂತು, ನೀರು ಬಿಡೋ ಡ್ರೈನ್ ತೂತು, ಇಂಥ ಕಡೆ ಸೀಲೆಂಟ್ ಒಣಗಿ ಬಿಟ್ಕೊಂಡ್ರೆ ನೀರು ಒಳಗೆ ಹೋಗತ್ತೆ, ಹೋದ ನೀರಿಗೆ ಹೊರಗೆ ಬರೋಕೆ ದಾರಿ ಇಲ್ಲ, ಪ್ಲೈವುಡ್ ಒಳಗೇ ಕೊಳೀತಾ ಹೋಗತ್ತೆ, ಹೊರಗಿನ ಫೈಬರ್ ಮಾತ್ರ ಏನೂ ಆಗಿಲ್ಲ ಅನ್ನೋ ಹಂಗೆ ನಿಂತಿರತ್ತೆ. 25–30 ಎಚ್‌ಪಿ ಮೋಟ್ರು ಅಂದ್ರೆ ಸುಮಾರು 50 ಕೆಜಿ ಭಾರ, ಅದರ ಜೊತೆ ಬೋಟನ್ನ ತಳ್ಳೋ ಶಕ್ತಿ ಪೂರ್ತಿ ಇದೇ ಹಲಗೆ ಮೂಲಕ ಹೋಗ್ಬೇಕು. ನೀರಿನ ಮಧ್ಯ ಅದು ಬಿಟ್ಕೊಂಡ್ರೆ ಮೋಟ್ರು ಒಂದೇ ಹೋಗಲ್ಲ, ಹಿಂದ್ಗಡೆಯಿಂದ ನೀರು ನುಗ್ಗತ್ತೆ.

ಪರೀಕ್ಷೆ ಸುಲಭ. ಪ್ಲಾಸ್ಟಿಕ್ ತಲೆ ಸುತ್ತಿಗೆ ಇಲ್ಲಾ ಸ್ಕ್ರೂಡ್ರೈವರ್ ಹಿಡಿ ತಗೊಂಡು ಮೇಲಿಂದ ಕೆಳಗೆ ತಟ್ತಾ ಬನ್ನಿ. ಗಟ್ಟಿ ಇರೋ ಕಡೆ ಟಕ್ ಟಕ್ ಅಂತ ಚುರುಕಾಗಿ ಕೇಳತ್ತೆ, ಕೊಳೆತಿರೋ ಕಡೆ ಸದ್ದೇ ಸತ್ತಿರತ್ತೆ. ಆಮೇಲೆ ಒಳಗಡೆಯಿಂದ 5 ಎಂಎಂ ಬಿಟ್ ಹಾಕಿ ಕೆಳಭಾಗದಲ್ಲಿ ಎರಡು ಮೂರು ಕಡೆ ತೂತು ಹೊಡೀರಿ, ಹೊರಗಿನ ಪದರ ದಾಟಿಸ್ಬೇಡಿ. ಬರೋ ಪುಡಿ ಬಿಳುಪಾಗಿ ಒಣಗಿದ್ರೆ ಪರವಾಗಿಲ್ಲ, ಕಂದು ಬಣ್ಣಕ್ಕೆ ತಿರುಗಿ ಒದ್ದೆ ಇದ್ರೆ ಹಲಗೆ ಬದಲಾಯ್ಸದೆ ಬೇರೆ ದಾರಿ ಇಲ್ಲ. ನೆಲದ ಮೇಲೂ ಹಿಮ್ಮಡಿ ಊರಿ ನಡೀರಿ, ಮೆತ್ತಗೆ ಇದ್ರೆ ಅದರಡಿ ಉದ್ದಕ್ಕೆ ಹಾಯ್ದಿರೋ ಸ್ಟ್ರಿಂಗರ್ ಅನ್ನೋ ಪಟ್ಟಿಗಳೂ ಹೋಗಿರಬಹುದು. ತೇಲ್ಲಿ ಅಂತ ಒಳಗೆ ತುಂಬಿರೋ ಫೋಮ್ ನೀರು ಕುಡಿದಿದ್ರೆ ಬೋಟಿನ ತೂಕವೇ ಎಷ್ಟೋ ಏರಿರತ್ತೆ. ಪಿಕಪ್ ಸಮೇತ ಒಂದ್ಸಲ, ಬರೀ ಪಿಕಪ್ ಒಂದ್ಸಲ ವೇ ಬ್ರಿಡ್ಜ್ ಮೇಲೆ ನಿಲ್ಸಿ, ಅಂದಾಜು ಸಿಗತ್ತೆ.

ರಿಪೇರಿಗೆ ಕೈ ಹಾಕೋ ಮುಂಚೆ ತಳಕ್ಕೆ ಹಲವು ಕಡೆ ಮರದ ಆಸರೆ ಕೊಟ್ಟು ಮಟ್ಟ ನೋಡ್ಕೊಳ್ಳಿ. ನೆಲ, ಸ್ಟ್ರಿಂಗರ್ ಕಿತ್ತಾಗ ಫೈಬರ್ ತಳ ಸೊಟ್ಟಗಾಗಬಹುದು, ಹಂಗೇ ಹೊಸ ನೆಲ ಕೂರ್ಸಿಬಿಟ್ರೆ ಆ ಸೊಟ್ಟ ಶಾಶ್ವತ, ಆಮೇಲೆ ಬೋಟ್ ಯಾವತ್ತೂ ನೆಟ್ಟಗೆ ಓಡಲ್ಲ. ಟ್ರಾನ್ಸಮ್‌ನ ಒಳಪದರನ ಅಂಚಿಂದ ಎರಡು ಇಂಚು ಬಿಟ್ಟು ಕಟ್ ಮಾಡಿ ತೆಗೀರಿ, ಕೊಳೆತ ಪ್ಲೈವುಡ್ ಉಳಿಯಲ್ಲಿ ಕೆತ್ತಿ, ಹೊರಪದರದ ಒಳಮೈನ ಗ್ರೈಂಡರ್‌ನಲ್ಲಿ ಒರಟು ಮಾಡಿ. ರಟ್ಟಲ್ಲಿ ಅಳತೆ ತೆಗೆದು ಅದೇ ಆಕಾರಕ್ಕೆ 18 ಎಂಎಂ ಪ್ಲೈವುಡ್ ಎರಡು ತುಂಡು ಕಟ್ ಮಾಡ್ಸಿ ಅಂಟಿಸ್ಬೇಕು. ಪ್ಲೈವುಡ್ ಮೇಲೆ ಐಎಸ್ 710 (ಮರೀನ್ ಪ್ಲೈವುಡ್‌ನ ಮಾನದಂಡ) ಅಂತ ಸೀಲ್ ಇರ್ಬೇಕು, ಅಂಗಡಿಯವ್ರು ವಾಟರ್‌ಪ್ರೂಫ್ ಅಂತ ಬಾಯಲ್ಲಿ ಹೇಳೋದು ಲೆಕ್ಕಕ್ಕಿಲ್ಲ. ಕಟ್ ಮಾಡ್ಸೋ ಮುಂಚೆನೇ ನಿಮ್ಮ ಮೋಟ್ರು ಶಾಫ್ಟ್ 15 ಇಂಚಿಂದಾ 20 ಇಂಚಿಂದಾ ಅಳೆದ್ಬಿಡಿ, ಹಲಗೆ ಎತ್ತರ ಅದಕ್ಕೆ ಸರಿಹೋಗ್ಬೇಕು.

ಪ್ಲೈವುಡ್ ಅಂಟಿಸೋಕೆ, ಫೈಬರ್ ಪದರ ಕಟ್ಟೋಕೆ ಬಳಸೋ ರೆಸಿನ್ ಅನ್ನೋ ಗಟ್ಟಿಯಾಗೋ ದ್ರವ ಯಾವ್ದು ಅಂದ್ರೆ, ನನ್ ಅಭಿಪ್ರಾಯ ಟ್ರಾನ್ಸಮ್‌ಗೆ ಎಪಾಕ್ಸಿ, ಮಿಕ್ಕಿದ್ದಕ್ಕೆ ಮಾಮೂಲಿ ಪಾಲಿಯೆಸ್ಟರ್. ಎಪಾಕ್ಸಿ ರೇಟು ಜಾಸ್ತಿನೇ, ಆದ್ರೆ ಮರಕ್ಕೂ ಹಳೇ ಫೈಬರ್‌ಗೂ ಅದರಷ್ಟು ಚೆನ್ನಾಗಿ ಪಾಲಿಯೆಸ್ಟರ್ ಹಿಡಿಯಲ್ಲ. ಎಪಾಕ್ಸಿ ಜೊತೆ ಮಾಮೂಲಿ ಚಾಪ್ಡ್ ಮ್ಯಾಟ್ (ಗಾಜಿನ ತುಂಡೆಳೆ ಅಂಟಿಸಿದ ಹಾಸು) ತಗೋಬೇಡಿ, ಅದರ ಎಳೆಗಳನ್ನ ಹಿಡಿದಿರೋ ಅಂಟು ಕರಗೋದು ಪಾಲಿಯೆಸ್ಟರ್‌ನಲ್ಲಿರೋ ಸ್ಟೈರೀನ್‌ಗೆ, ಎಪಾಕ್ಸಿಗೆ ಅಲ್ಲ, ನೇಯ್ದ ಬಟ್ಟೆ ಥರದ ಗ್ಲಾಸ್ ಕ್ಲಾತ್ ತಗೊಳ್ಳಿ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರಲ್ಲ ಅನ್ನೋದೂ ನೆನಪಿರ್ಲಿ, ಆ ಭಾಗಕ್ಕೆ ಕೊನೇಲಿ ಜೆಲ್ ಕೋಟ್ (ಫೈಬರ್ ಮೇಲಿನ ಬಣ್ಣದ ಹೊರಪದರ) ಬದಲು ಪೇಂಟೇ ಗತಿ. ಬೋಲ್ಟ್ ತೂತುಗಳನ್ನ ಮೊದ್ಲು ದೊಡ್ಡದಾಗಿ ಹೊಡೆದು, ಫಿಲ್ಲರ್ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ, ಒಣಗಿದ್ಮೇಲೆ ಅದರ ಮಧ್ಯ ಸರಿಯಾದ ಸೈಜಿನ ತೂತು ಹೊಡೀರಿ, ನಾಳೆ ಸೀಲೆಂಟ್ ಕೈಕೊಟ್ರೂ ನೀರಿಗೆ ಮರ ಸಿಗಲ್ಲ. ಸೀಲೆಂಟ್ ಪಾಲಿಯುರೆಥೇನ್ ಆಗಿರ್ಲಿ, ಬಾತ್‌ರೂಮ್ ಸಿಲಿಕೋನ್ ಬೇಡ.

ಇನ್ನು ಪುಟ್ಟಿ. ಕಾರಿಗೆ ಎಳೆಯೋ ಪುಟ್ಟಿ ನೀರು ಹೀರತ್ತೆ, ನೀರಿನ ಮಟ್ಟದ ಕೆಳಗೆ ಬಳಸ್ಲೇಬಾರ್ದು. ಮುಂದಿನ ಬಿರುಕು ಬರೀ ಮೇಲಿನ ಜೆಲ್ ಕೋಟ್‌ದಾದ್ರೆ ಸ್ಕ್ರೇಪರ್ ಮೂಲೆಯಲ್ಲಿ ಕೆರೆದು ಅಗಲ ಮಾಡಿ ಜೆಲ್ ಕೋಟ್ ತುಂಬಿದ್ರಾಯ್ತು. ಒತ್ತಿದಾಗ ಬಿರುಕು ಬಾಯಿ ಬಿಟ್ರೆ ಫೈಬರೇ ಮುರ್ದಿದೆ ಅಂತ. ಆಗ ಸುತ್ತ ಇಳಿಜಾರಾಗಿ ಉಜ್ಜಿ ಪದರ ಕಟ್ಬೇಕು, ಇಳಿಜಾರು ದಪ್ಪದ ಹನ್ನೆರಡು ಪಟ್ಟು ಅನ್ನೋದು ಲೆಕ್ಕ, ಅಂದ್ರೆ 4 ಎಂಎಂ ದಪ್ಪ ಇದ್ರೆ ಒಂದೊಂದು ಕಡೆಗೂ ಹತ್ರ ಹತ್ರ 5 ಸೆಂಟಿಮೀಟರ್. ಮಂಕಾಗಿರೋ ಬಣ್ಣಕ್ಕೆ ಬಹುಶಃ ಪೇಂಟೇ ಬೇಕಾಗಲ್ಲ! ವಾಟರ್ ಪೇಪರ್ 600, 800, 1000 ಅಂತ ನೀರು ಹಾಕ್ಕೊಂಡು ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ, ಮೇಲೆ ವ್ಯಾಕ್ಸ್ ಹಚ್ಚಿದ್ರೆ ಹಳೇ ಕೆಂಪು ಸಾಕಷ್ಟು ವಾಪಸ್ ಬರತ್ತೆ, ಜೆಲ್ ಕೋಟ್ ಪೂರ್ತಿ ಸವೆದು ಒಳಗಿನ ಎಳೆ ಕಾಣ್ಸೋವರೆಗೂ ಉಜ್ಬೇಡಿ ಅಷ್ಟೇ.

ಪ್ರಶ್ನೆ: ಜುಲೈನಲ್ಲಿ ಶೆಡ್ ಒಳಗೆ ಬೋಟಿನ ನೆಲಕ್ಕೆ ಮ್ಯಾಟ್ ಹಾಕಿ ರೆಸಿನ್ ಹೊಡ್ದೆ, ದಿನ ಕಳೆದ್ರೂ ಕೈಗೆ ಅಂಟತ್ತೆ. ಮೇಲಿಂದ ಸ್ವಲ್ಪ ಹಾರ್ಡನರ್ ಸವರಿದ್ರೆ ಒಣಗತ್ತಾ?
— ಕೆಂಗೇರಿ ಓದುಗರು

ಉತ್ತರ: ಸವರ್ಬೇಡಿ. ಮೊದ್ಲು ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ, ಆಮೇಲೆ ಉಗುರಲ್ಲಿ ಒತ್ತಿ. ಒಳಗೆ ಕಲ್ಲಿನಂಗೆ ಗಟ್ಟಿ ಇದ್ದು ಮೇಲೆ ಮಾತ್ರ ಅಂಟಾಗಿದ್ರೆ ನಿಮ್ಮ ಕೆಲಸ ಕೆಟ್ಟಿಲ್ಲ, ವ್ಯಾಕ್ಸ್ ಇಲ್ಲದ ಪಾಲಿಯೆಸ್ಟರ್ ರೆಸಿನ್ ಗಾಳಿ ತಾಗೋ ಕಡೆ ಪೂರ್ತಿ ಒಣಗೋದೇ ಇಲ್ಲ, ಮುಂದಿನ ಪದರ ಚೆನ್ನಾಗಿ ಕಚ್ಕೊಳ್ಳಿ ಅಂತ್ಲೇ ಹಂಗೆ ಇರೋದು. ಕೊನೇ ಪದರಕ್ಕೆ ವ್ಯಾಕ್ಸ್ ಬೆರೆಸಿದ ರೆಸಿನ್ ಹಾಕಿದ್ರೆ ಮುಗೀತು. ಉಗುರು ಒಳಗೆ ಇಳಿದ್ರೆ ಮಾತ್ರ ಹಾರ್ಡನರ್ ಕಮ್ಮಿ ಬಿದ್ದಿದೆ, ಇಲ್ಲಾ ಮ್ಯಾಟ್ ತೇವ ಹಿಡಿದಿತ್ತು, ಇಲ್ಲಾ ಸರಿಯಾಗಿ ಕಲೆಸಿಲ್ಲ. ಅದನ್ನ ಕೆರೆದು ತೆಗೆದು ಮತ್ತೆ ಮಾಡೋದೇ, ಶಾರ್ಟ್‌ಕಟ್ ಇಲ್ಲ.

ಅರ್ಧ ಕೆಜಿ ಪಾಲಿಯೆಸ್ಟರ್ ರೆಸಿನ್‌ಗೆ 5 ರಿಂದ 10 ಎಂಎಲ್ ಹಾರ್ಡನರ್, ಅಂದ್ರೆ ಶೇಕಡಾ 1 ರಿಂದ 2. ಮಾರ್ಚ್ ಏಪ್ರಿಲ್ ಬಿಸಿಲಿಗೆ ಕಮ್ಮಿ ಕಡೆ ಇರಿ, ಡಿಸೆಂಬರ್ ಬೆಳಗಿನ ಚಳೀಲಿ ಕೆಲಸನೇ ಶುರು ಮಾಡ್ಬೇಡಿ, ಹತ್ತು ಗಂಟೆ ಆಗ್ಲಿ. ಒಂದೇ ಸಲಕ್ಕೆ ಬಕೆಟ್ ತುಂಬ ಕಲೆಸಿದ್ರೆ ಒಳಗೆ ಶಾಖ ಏರಿ ಹೊಗೆ ಬರತ್ತೆ, ಬೆಂಕಿ ಹತ್ತೋದೂ ಉಂಟು. ರೆಸಿನ್ ಬೇಗ ಗಟ್ಟಿಯಾಗ್ಲಿ ಅಂತ ಹಾಕೋ ನೇರಳೆ ಬಣ್ಣದ ಕೋಬಾಲ್ಟ್ ಬಾಟ್ಲಿ ಬೇರೆ ಕೊಟ್ಟಿದ್ರೆ ಇದನ್ನ ಗೋಡೆ ಮೇಲೆ ಬರೆದಿಟ್ಕೊಳ್ಳಿ: ಕೋಬಾಲ್ಟ್ ಮತ್ತೆ ಹಾರ್ಡನರ್ ನೇರವಾಗಿ ಒಂದಕ್ಕೊಂದು ತಾಗ್ಲೇಬಾರ್ದು, ಸಿಡಿಯತ್ತೆ. ಮೊದ್ಲು ಕೋಬಾಲ್ಟ್ ರೆಸಿನ್‌ನಲ್ಲಿ ಪೂರ್ತಿ ಕಲೆಸಿ, ಆಮೇಲಷ್ಟೇ ಹಾರ್ಡನರ್. ಎರಡಕ್ಕೂ ಬೇರೆ ಬೇರೆ ಅಳತೆ ಲೋಟ. ಈ ಹಾರ್ಡನರ್, ಎಂಇಕೆಪಿ ಅಂತಾರಲ್ಲ ಅದು, ಕಣ್ಣಿಗೆ ಹಾರಿದ್ರೆ ದೃಷ್ಟಿನೇ ಹೋಗಬಹುದು, ಅದಕ್ಕೆ ಸೇಫ್ಟಿ ಕನ್ನಡಕ ಹಾಕ್ದೆ ಬಾಟ್ಲಿ ಮುಚ್ಚಳ ತೆಗೀಬೇಡಿ, ಅಕಸ್ಮಾತ್ ಹಾರಿದ್ರೆ ಆ ಕ್ಷಣಕ್ಕೇ ನಲ್ಲಿ ಕೆಳಗೆ ಕಣ್ಣು ಬಿಟ್ಕೊಂಡು ಕಾಲು ಗಂಟೆ ತೊಳೆದು ನೇರ ಮಿಂಟೋಗೋ ಹತ್ತಿರದ ಕಣ್ಣಾಸ್ಪತ್ರೆಗೋ ಹೋಗಿ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ಬೇಸ್‌ಮೆಂಟ್‌ನಲ್ಲಿ ನನ್ನದೇ ಎರಡು ಪಾರ್ಕಿಂಗ್ ಇದೆ, ಭಾನುವಾರ ಭಾನುವಾರ ಅಲ್ಲೇ ಬೋಟ್ ಕೆಲಸ ಮಾಡಬಹುದಾ?
— ವೈಟ್‌ಫೀಲ್ಡ್ ಓದುಗರು

ಉತ್ತರ: ಬೇಡ ಮೇಡಂ. ರೆಸಿನ್‌ನಿಂದ ಏಳೋ ಸ್ಟೈರೀನ್ ಆವಿ ಗಾಳಿಗಿಂತ ಭಾರ, ಬೇಸ್‌ಮೆಂಟ್‌ನಲ್ಲಿ ಕೆಳಗೇ ನಿಂತ್ಬಿಡತ್ತೆ, ಕಿಡಿ ತಗುಲಿದ್ರೆ ಹತ್ಕೊಳ್ಳತ್ತೆ. ಅಸೋಸಿಯೇಷನ್ ವಾಟ್ಸಾಪ್ ಗ್ರೂಪ್ ಹತ್ಕೊಳ್ಳೋದು ಅದಕ್ಕಿಂತ ಮೊದ್ಲೇ. ಪೀಣ್ಯದ ಕಡೆ ಫೈಬರ್ ಕೆಲಸದ ಶೆಡ್‌ಗಳಿವೆ, ಒಂದು ಮೂಲೆ ಬಾಡಿಗೆಗೆ ಕೇಳಿ ನೋಡಿ. ಎಲ್ಲೇ ಮಾಡಿದ್ರೂ ರೆಸಿನ್ ಹೊಡಿಯುವಾಗ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ಮಾಸ್ಕ್ ಬೇಕು, ಧೂಳಿನ ಮಾಸ್ಕ್ ಆವಿ ತಡೆಯಲ್ಲ. ಗ್ರೈಂಡಿಂಗ್ ಆದ್ಮೇಲೆ ಮೈ ಕೆರೆತಕ್ಕೆ ತಣ್ಣೀರ ಸ್ನಾನ, ಆ ಬಟ್ಟೆ ಮನೆಯವ್ರ ಬಟ್ಟೆ ಜೊತೆ ಮೆಷಿನ್‌ಗೆ ಹಾಕ್ಬೇಡಿ.

ಪ್ರಶ್ನೆ: ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ 2-ಸ್ಟ್ರೋಕ್ ಔಟ್‌ಬೋರ್ಡ್ ಮೋಟ್ರು ತಂದಿದೀನಿ, ವರ್ಷಗಟ್ಲೆ ನಿಂತಿತ್ತಂತೆ. ಪೆಟ್ರೋಲ್ ಹಾಕಿ ಹಗ್ಗ ಎಳೆದು ನೋಡ್ಲಾ?
— ಯಲಹಂಕ ಓದುಗರು

ಉತ್ತರ: ಹಗ್ಗ ಎಳೆಯೋದು ಕೊನೇಗೆ. ಮೊದಲನೇದಾಗಿ ಅದು ಪೆಟ್ರೋಲ್ ಮೋಟ್ರಾ ಅಥವಾ ಸೀಮೆಎಣ್ಣೆ ಮೋಟ್ರಾ ಕೇಳಿ, ನಮ್ಮ ಕರಾವಳಿ ನಾಡದೋಣಿಗಳಲ್ಲಿ ಸೀಮೆಎಣ್ಣೆದು ತುಂಬಾ ಓಡತ್ತೆ, ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಾಯ್ಸೋದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರ್ ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಫ್ಲೈವ್ಹೀಲ್ ಕೈಯಲ್ಲಿ ನಿಧಾನ ತಿರುಗ್ಸಿ. ತಿರುಗಿದ್ರೆ ಕಂಪ್ರೆಷನ್ ಗೇಜ್ ಹಾಕ್ಸಿ, ಎರಡು ಸಿಲಿಂಡರ್ ಮಧ್ಯ ಶೇಕಡಾ 10–15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಕೊಟ್ಟವ್ರಿಗೆ ಫೋನ್ ಮಾಡೋದು ವಾಸಿ. ಕೆಳಗಿನ ಗೇರ್ ಆಯಿಲ್ ಹಾಲು ಬೆರೆತ ಹಂಗೆ ಬಂದ್ರೆ ಸೀಲ್ ಹೋಗಿ ನೀರು ಸೇರಿದೆ. ನೀರು ಎಳೆಯೋ ಪಂಪಿನ ರಬ್ಬರ್ ಇಂಪೆಲ್ಲರ್‌ನ ಕಣ್ಮುಚ್ಚಿ ಬದಲಾಯ್ಸಿ, ನಿಂತು ನಿಂತು ಅದರ ರೆಕ್ಕೆ ಮಡಚಿ ಹೋಗಿರತ್ತೆ. ನೀರಿಲ್ದೆ ಒಣಗಾಗಿ ಸ್ಟಾರ್ಟ್ ಮಾಡಿದ್ರೆ ಅದು ಅರೆ ನಿಮಿಷದಲ್ಲೇ ಹಾಳಾಗಬಹುದು, ದೊಡ್ಡ ಡ್ರಮ್ಮಲ್ಲಿ ನೀರು ತುಂಬಿ ಅದರೊಳಗೆ ಇಳಿಸಿ ಓಡ್ಸಿ.

ಈಗ ಬಂಕಲ್ಲಿ ಸಿಗೋದು ಎಥನಾಲ್ ಬೆರೆಸಿದ ಪೆಟ್ರೋಲ್, ಶೇಕಡಾ 20ರವರೆಗೆ. ಎಥನಾಲ್ ನೀರನ್ನ ಎಳ್ಕೊಳ್ಳತ್ತೆ, ಮಿತಿ ಮೀರಿದ್ರೆ ಪೆಟ್ರೋಲಿಂದ ಬೇರೆಯಾಗಿ ಟ್ಯಾಂಕ್ ತಳದಲ್ಲಿ ಕೂರತ್ತೆ, ಹಳೇ ರಬ್ಬರ್ ಪೈಪನ್ನೂ ತಿನ್ನತ್ತೆ. ಪೈಪ್‌ಗಳನ್ನ ಹೊಸದು ಹಾಕ್ಸಿ, ಬೇಕಾದಷ್ಟೇ ಪೆಟ್ರೋಲ್ ತನ್ನಿ, ಓಡ್ಸಿ ಆದ್ಮೇಲೆ ಕಾರ್ಬುರೇಟರ್ ಖಾಲಿ ಮಾಡಿ ಇಡಿ. ಆಯಿಲ್ ಸ್ಕೂಟರ್ 2ಟಿ ಬೇಡ, ಬೋಟ್ ಮೋಟ್ರಿಗೆ ಅಂತಿರೋ, ಟಿಸಿ-ಡಬ್ಲ್ಯೂ3 ಅಂತ ಬರೆದಿರೋದು ತಗೊಳ್ಳಿ. ಪೆಟ್ರೋಲ್-ಆಯಿಲ್ ಪ್ರಮಾಣ 50:1 ಇದ್ರೆ ಲೀಟರ್‌ಗೆ 20 ಎಂಎಲ್, ಹಳೇ ಮಾಡೆಲ್‌ಗಳಿಗೆ ಜಾಸ್ತಿ ಕೇಳೋದೂ ಇರತ್ತೆ, ಮ್ಯಾನ್ಯುಯಲ್ ನೋಡಿ ಹಾಕಿ.

ಪ್ರಶ್ನೆ: ಇಷ್ಟೆಲ್ಲಾ ಮಾಡಿ ಬೆಂಗ್ಳೂರಲ್ಲಿ ಬೋಟ್ ಬಿಡೋದೆಲ್ಲಿ? ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಹತ್ರ ಇದೆಯಲ್ಲ?
— ರಾಜಾಜಿನಗರ ಓದುಗರು

ಉತ್ತರ: ಅವೆರಡೂ ನಗರದ ಕುಡಿಯೋ ನೀರಿಗೆ ಅಂತ ಕಟ್ಟಿದ್ದು, ನಿಮ್ಮ ಪೆಟ್ರೋಲ್ ಮೋಟ್ರಿಗೆ ಅಲ್ಲಿ ಜಾಗ ಇಲ್ಲ ಅಂತ್ಲೇ ಇಟ್ಕೊಳ್ಳಿ. ಹಲಸೂರು ಕೆರೇಲಿ ಬೋಟಿಂಗ್ ನೋಡಿರ್ತೀರ, ಅಲ್ಲಿ ಓಡೋದು ಪ್ರವಾಸೋದ್ಯಮದವ್ರ ಬೋಟ್, ಯಾರ್ ಬೇಕಾದ್ರೂ ತಂದು ಇಳಿಸೋ ಹಂಗಿಲ್ಲ. ನಗರದ ಹೊರಗೆ ಡ್ಯಾಮ್ ಹಿನ್ನೀರಾದ್ರೆ ಆ ಡ್ಯಾಮ್ ಯಾರದೋ ಅವರ ಅನುಮತಿ ಬೇಕು. ಜೆ.ಪಿ. ನಗರದ ಸರ್‌ಗೂ ಇದು ಅನ್ವಯ, ಲಿಂಗನಮಕ್ಕಿ ಕರ್ನಾಟಕ ವಿದ್ಯುತ್ ನಿಗಮದ್ದು, ಸುತ್ತ ಅಭಯಾರಣ್ಯದ ಭಾಗವೂ ಇರೋದ್ರಿಂದ ಅರಣ್ಯ ಇಲಾಖೆನೂ ಕೇಳ್ಬೇಕಾಗತ್ತೆ, ಮಾವನವರು ಆವಾಗ ಹೆಂಗ್ ಓಡ್ಸಿದ್ರೋ ಈಗ್ಲೂ ಹಂಗೇ ಅನ್ಕೋಬೇಡಿ.

ಜೊತೆಗೆ 1917ರ ಹಳೇ ಕಾನೂನು ಹೋಗಿ ಒಳನಾಡು ಹಡಗು ಕಾಯ್ದೆ 2021 ಬಂದಿದೆ, ಒಳನಾಡು ನೀರಲ್ಲಿ ಓಡೋ ಮೋಟ್ರು ದೋಣಿಗೆ ರಿಜಿಸ್ಟ್ರೇಷನ್, ಸರ್ವೆ ಎಲ್ಲಾ ಅದರಡಿ ಬರತ್ತೆ. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲಿ ನಿಮ್ಮ ಬೋಟಿನ ಅಳತೆ, ಎಚ್‌ಪಿ ಹೇಳಿ ಏನೇನು ಕಾಗದ ಬೇಕು ಅಂತ ಮೊದ್ಲೇ ಬರೆಸ್ಕೊಳ್ಳಿ, ಟ್ರಾನ್ಸಮ್ ಬಿಚ್ಚಿದಾಗ, ಹೊಸದು ಕೂರ್ಸಿದಾಗ ಫೋಟೋ ತೆಗೆದಿಟ್ಟಿರಿ, ಸರ್ವೆಯವ್ರು ಒಳಗೇನಿದೆ ಅಂತ ಕೇಳಿದಾಗ ತೋರ್ಸೋಕೆ ಬೇಕಾಗತ್ತೆ. ಎಲ್ಲಿ ಬಿಡೋದು ಅನ್ನೋದು ಕಾಗದದ ಮೇಲೆ ಗಟ್ಟಿಯಾಗೋವರೆಗೂ ರೆಸಿನ್ ಮಾತ್ರ ತಂದಿಡ್ಬೇಡಿ, ಪಾಲಿಯೆಸ್ಟರ್ ರೆಸಿನ್ ಬಾಳಿಕೆ ಮೂರರಿಂದ ಆರು ತಿಂಗಳು, ಬಿಸಿಲು ತಾಗೋ ಶೆಡ್‌ನಲ್ಲಿ ಇನ್ನೂ ಕಮ್ಮಿ, ಹಾರ್ಡನರ್ ಹಾಕ್ದೆನೇ ಡಬ್ಬದಲ್ಲೇ ಗಟ್ಟಿಯಾಗಿ ಕೂತಿರತ್ತೆ.