ಧರ್ಮದರ್ಶಿ ಸಮಿತಿ ಮಾಡಿದ್ದೇನು?

ಪತ್ರ: 'ಹಿಂದಿನ ಸಂಚಿಕೆಯಲ್ಲಿ ವಿಶ್ವಸಂಸ್ಥೆಯ ಧರ್ಮದರ್ಶಿ ಸಮಿತಿಯನ್ನು ಹಾಡಿ ಹೊಗಳಿದ್ದೀರಿ. ಆಫ್ರಿಕದ ಜನ ಹೋರಾಡಿ ಸ್ವಾತಂತ್ರ್ಯ ಪಡೆದರು. ನ್ಯೂಯಾರ್ಕಿನಲ್ಲಿ ಕೂತು ವರದಿ ಓದಿದವರಿಗೆ ಅದರ ಶ್ರೇಯ ಏಕೆ?'
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸ್ವತಂತ್ರವಾಗುವವರೆಗೆ ಒಂದೊಂದು ದೇಶದ ಉಸ್ತುವಾರಿಗೆ ಒಪ್ಪಿಸಿದ ಕೆಲವು ಸೀಮೆಗಳ ಆಡಳಿತದ ಮೇಲೆ ವಿಶ್ವಸಂಸ್ಥೆಯ ಪರವಾಗಿ ಕಣ್ಣಿಟ್ಟಿದ್ದದ್ದು ಈ ಧರ್ಮದರ್ಶಿ ಸಮಿತಿ (ಟ್ರಸ್ಟಿಶಿಪ್ ಕೌನ್ಸಿಲ್). ನಿಮ್ಮ ಸಿಟ್ಟಿಗೆ ಕಾರಣವಿದೆ. ಅಮೆರಿಕದ ಉಸ್ತುವಾರಿಯಲ್ಲಿದ್ದ, ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪದವರು, 1954ರ ಮಾರ್ಚ್ 1ರ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಮೈಮೇಲೆ ಬಿದ್ದ ನಂತರ, ಪರೀಕ್ಷೆ ನಿಲ್ಲಿಸಿರೆಂದು ಸಮಿತಿಗೆ ಅರ್ಜಿ ಕೊಟ್ಟರು. ಪರೀಕ್ಷೆಗಳು 1958ರವರೆಗೂ ನಡೆದವು. ಸರಿ, ಒಪ್ಪಿದೆ.

ಆದರೆ 'ವರದಿ ಓದಿದವರು' ಎಂದು ತಳ್ಳಿಹಾಕಿದಿರಲ್ಲ, ಹೇಗೆ ಓದಿದರೆಂದು ಕೇಳಿ. ಆಳುವ ದೇಶ ವರ್ಷವರ್ಷವೂ ಸಮಿತಿಯ ಪ್ರಶ್ನಾವಳಿಗೆ ಉತ್ತರ ಬರೆದುಕೊಡಬೇಕಿತ್ತು: ಜಮೀನು ಯಾರಿಗೆ ಹೋಯಿತು, ಕೂಲಿ ಎಷ್ಟು, ಶಾಲೆ ಎಷ್ಟು. ಅದರ ಮೇಲೆ ಆ ಸೀಮೆಯ ಅಧಿಕಾರಿಯೇ ಎದುರು ಕೂತು ಬಾಯಿಪ್ರಶ್ನೆಗಳಿಗೂ ಉತ್ತರಿಸಬೇಕು. ಕೇಳುವವರಲ್ಲಿ ಆಳುವ ದೇಶಗಳೆಷ್ಟೋ ಉಳಿದವೂ ಅಷ್ಟೇ. ಹಿಂದೆ, ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್ ಕಾಲದಲ್ಲಿ ಜನರ ಅರ್ಜಿ ಆಳುವ ದೇಶದ ಮೂಲಕವೇ ಜಿನೀವಾಕ್ಕೆ ಹೋಗಬೇಕಿತ್ತು, ಅಂದರೆ ಯಾರ ಮೇಲೆ ದೂರೋ ಅವರ ಕೈಯಿಂದಲೇ! ಸ್ಥಳಕ್ಕೆ ಹೋಗಿ ನೋಡುವ ಏರ್ಪಾಡೂ ಇರಲಿಲ್ಲ. ವಿಶ್ವಸಂಸ್ಥೆಯ 1945ರ ಸನ್ನದು ಎರಡನ್ನೂ ಸರಿಪಡಿಸಿತು. ಅರ್ಜಿ ನೇರವಾಗಿ ನ್ಯೂಯಾರ್ಕಿಗೆ, ಭೇಟಿ ತಂಡ ನೇರವಾಗಿ ಊರಿಗೆ.

ಬ್ರಿಟನ್ನಿನ ಉಸ್ತುವಾರಿಯಲ್ಲಿದ್ದ ಟ್ಯಾಂಗನೀಕಾಕ್ಕೆ (ಇಂದಿನ ಟಾಂಜಾನಿಯದ ಮುಖ್ಯಭಾಗ) 1954ರಲ್ಲಿ ಹೋದ ತಂಡದಲ್ಲಿ ಭಾರತದವರೂ ಒಬ್ಬರಿದ್ದರು. 20–25 ವರ್ಷಗಳಲ್ಲಿ ಸ್ವಾತಂತ್ರ್ಯ ಸಾಧ್ಯವೆಂದು ತಂಡ ಬರೆಯಿತು. ಬ್ರಿಟನ್ನಿಗೆ ಅದು ಹಿಡಿಸಲಿಲ್ಲ. 1955ರ ಮಾರ್ಚಿನಲ್ಲಿ ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಜೂಲಿಯಸ್ ನೈರೇರೆ ಸಮಿತಿಯೆದುರು ಬಂದು ಮಾತಾಡಿದರು. 1961ರ ಡಿಸೆಂಬರ್ 9ರಂದು ದೇಶ ಸ್ವತಂತ್ರ. ಪಕ್ಕದ ಕೆನ್ಯಾವನ್ನೂ ಆಳುತ್ತಿದ್ದದ್ದು ಅದೇ ಬ್ರಿಟನ್. ಅದು ಬರಿಯ ವಸಾಹತಾದ್ದರಿಂದ ಅರ್ಜಿಯೂ ಇಲ್ಲ, ಭೇಟಿಯೂ ಇಲ್ಲ. 1952ರಿಂದ 1960ರವರೆಗೆ ತುರ್ತುಸ್ಥಿತಿ, ಬಂಧನ ಶಿಬಿರ, ಗಲ್ಲು. ಕೆನ್ಯಾದಲ್ಲಿ ಬಿಳಿಯ ಜಮೀನುದಾರರು ಹೆಚ್ಚಿದ್ದರು, ನಿಜ. ಆದರೂ ಹೊರಗಿನ ಕಣ್ಣೊಂದು ಮೇಲಿದ್ದರೆ ಆಳುವವನ ಕೈ ತಡೆಯುತ್ತದೆ ಎಂಬುದೇ ನನ್ನ ಪಕ್ಷ.

ಬರಿಯ ವಸಾಹತುಗಳ ಬಗ್ಗೆ ಸನ್ನದು ಕೇಳಿದ್ದು ಅಂಕಿಅಂಶ ಮಾತ್ರ. ಪೋರ್ಚುಗಲ್ ಅದನ್ನೂ ಕೊಡಲಿಲ್ಲ, 'ನಮಗೆ ವಸಾಹತುಗಳೇ ಇಲ್ಲ, ಇರುವುದು ಸಾಗರದಾಚೆಯ ಪ್ರಾಂತ್ಯಗಳು' ಎಂದಿತು. ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪವೂ ಹಾಗೊಂದು 'ಪ್ರಾಂತ್ಯ'ದ ತುಂಡು! 1960ರ ಡಿಸೆಂಬರ್ 15ರಂದು ಮಹಾಸಭೆ ಗೋವೆಯ ಹೆಸರನ್ನೂ ಸೇರಿಸಿ, ಇವೆಲ್ಲ ಪರಾಧೀನ ಪ್ರದೇಶಗಳೇ ಎಂದು ಸಾರಿತು. ಮರುವರ್ಷ ಭಾರತದ ಸೇನೆ ಗೋವೆಗೆ ನುಗ್ಗಿದಾಗ ಲಿಸ್ಬನ್ನಿನ ವಾದ ಆಗಲೇ ಸೊರಗಿತ್ತು.

ನಮ್ಮ ಪಠ್ಯಪುಸ್ತಕಗಳಲ್ಲಿ ಇದೆಲ್ಲ ಎಲ್ಲಿದೆ? 'ವಿಶ್ವಸಂಸ್ಥೆಯ ಆರು ಅಂಗಗಳನ್ನು ಹೆಸರಿಸಿ' ಎಂಬ ಪ್ರಶ್ನೆಗೆ ಮಕ್ಕಳು ಧರ್ಮದರ್ಶಿ ಸಮಿತಿಯ ಹೆಸರು ಬರೆದು ಅಂಕ ಪಡೆಯುತ್ತಾರೆ, ಮುಗಿಯಿತು. ಆ ಮಕ್ಕಳೇ ದೊಡ್ಡವರಾಗಿ ನನಗೆ ಇಂಥ ಕಾಗದ ಬರೆಯುತ್ತಾರೆ.

ವಿಶ್ವಸಂಸ್ಥೆಯ ಮೇಲೆ ಸಿಟ್ಟಾಗಲೇಬೇಕೆಂದಿದ್ದರೆ, ಇದೇ ಸಮಿತಿಯ ಕಣ್ಣಿನಡಿ ಬ್ರಿಟನ್ ಆಳುತ್ತಿದ್ದ ಆಫ್ರಿಕದ ಬ್ರಿಟಿಷ್ ಕ್ಯಾಮೆರೂನಿನ ವಿಷಯದಲ್ಲಿ ಆಗಿ, ನಾನೂ ಜೊತೆಗಿರುತ್ತೇನೆ. 1961ರ ಫೆಬ್ರವರಿಯ ಜನಮತಗಣನೆಯಲ್ಲಿ ಮತದಾರರ ಮುಂದಿಟ್ಟದ್ದು ಎರಡೇ ಆಯ್ಕೆ: ನೈಜೀರಿಯಕ್ಕೆ ಸೇರುತ್ತೀರೋ, ಹಿಂದೆ ಫ್ರಾನ್ಸ್ ಆಳುತ್ತಿದ್ದ ಕ್ಯಾಮೆರೂನ್ ಗಣರಾಜ್ಯಕ್ಕೋ? ಪ್ರತ್ಯೇಕ ದೇಶವಾಗಿ ಉಳಿಯುವ ಮಾತೇ ಮತಪತ್ರದಲ್ಲಿರಲಿಲ್ಲ. ಉತ್ತರ ಭಾಗ ನೈಜೀರಿಯಕ್ಕೆ ಹೋಯಿತು, ಇಂಗ್ಲಿಷ್ ಬಳಸುವ ದಕ್ಷಿಣ ಭಾಗ ಕ್ಯಾಮೆರೂನ್ ಗಣರಾಜ್ಯಕ್ಕೆ ಸೇರಿ ಫ್ರೆಂಚ್ ಮಾತಾಡುವ ಬಹುಸಂಖ್ಯಾತರ ಪಾಲಾಯಿತು. ಆ ದಕ್ಷಿಣದಲ್ಲಿ 2017ರಿಂದ ಪ್ರತ್ಯೇಕತಾವಾದಿಗಳ ಸಶಸ್ತ್ರ ಹೋರಾಟ ನಡೆದಿದೆ.