ಮಾತ್ರೆ ಮುಗಿದರೂ ಗಂಟಲು ಸರಿಯಾಗಿಲ್ಲ

ಪ್ರಶ್ನೆ: ನಾನು ಬ್ರಹ್ಮಾವರ ಕಡೆಯ ಹೈಸ್ಕೂಲ್ ಟೀಚರ್, ವಯಸ್ಸು 41. ಕಳೆದ ತಿಂಗಳು ಜ್ವರ, ಗಂಟಲು ನೋವು ಬಂದು ಅಜಿತ್ರೋಮೈಸಿನ್ ಪೂರ್ತಿ ತೆಗೆದುಕೊಂಡೆ. ಜ್ವರ ಬಿಟ್ಟಿತು. ಆದರೆ ಬೆಳಿಗ್ಗೆ ಎದ್ದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ, ಊಟಕ್ಕೆ ತೊಂದರೆಯಿಲ್ಲ. ದವಡೆ ಕೆಳಗೆ ಸಣ್ಣ ಗಂಟು. ಎಎಸ್‌ಒ ಎಂಬ ರಕ್ತದ ಟೆಸ್ಟ್ 400 ಬಂದಿದೆ. ಮೆಡಿಕಲ್‌ನವರು ಇನ್ನೊಂದು ಕೋರ್ಸ್ ಅಮಾಕ್ಸಿಸಿಲಿನ್ ಮಾಡಿ ಅನ್ನುತ್ತಾರೆ. ಪಿಯುಸಿ ಮಗಳಿಗೂ ಈಗ ಗಂಟಲು ನೋವು, ಅವಳಿಗೂ ಅದನ್ನೇ ಕೊಡಲೇ?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಟೀಚರೇ, ಊಟಕ್ಕೆ ತೊಂದರೆಯಿಲ್ಲ ಎಂದು ಬರೆದಿರಲ್ಲ, ಅದರಲ್ಲೇ ಅರ್ಧ ಉತ್ತರವಿದೆ. ಬಂಗುಡೆ, ಬೂತಾಯಿ ತಿನ್ನುವ ಊರು ನಮ್ಮದು, ನಿಜವಾದ ಮುಳ್ಳು ಸಿಕ್ಕಿಸಿಕೊಂಡವರನ್ನು ನೋಡುತ್ತಲೇ ಇರುತ್ತೇನೆ. ಅವರಿಗೆ ತುತ್ತು ಇಳಿಸುವಾಗಲೇ ಒಂದೇ ಜಾಗದಲ್ಲಿ ಚುಚ್ಚುತ್ತದೆ. ಉಣ್ಣುವಾಗ ಮರೆತುಹೋಗಿ ಬರೀ ಉಗುಳು ನುಂಗುವಾಗ ಕಾಡುವುದು ಹೆಚ್ಚಾಗಿ ಸೋಂಕೂ ಅಲ್ಲ, ಮುಳ್ಳೂ ಅಲ್ಲ, ಕೆರಳಿದ ಗಂಟಲು. ಬೆಳಿಗ್ಗೆಯೇ ಹೆಚ್ಚೆಂದರೆ ನನ್ನ ಅನುಮಾನ ಹೊಟ್ಟೆಯ ಆಮ್ಲದ ಮೇಲೆ. ರಾತ್ರಿ ಊಟ ಮಾಡಿ ಮೂರು ಗಂಟೆ ಮಲಗಬೇಡಿ. ಕ್ಲಾಸಿನಲ್ಲಿ ಮಾತುಮಾತಿಗೆ ಕೆಮ್ಮಿ ಗಂಟಲು ಸರಿಮಾಡುವ ಅಭ್ಯಾಸವಿದ್ದರೆ ಬಿಡಿ, ಬದಲಿಗೆ ಒಂದು ಗುಟುಕು ಬಿಸಿನೀರು. ದವಡೆಯ ಗಂಟು ಕರಗಲು ಕೆಲವು ವಾರ ಬೇಕು; ದೊಡ್ಡದಾಗುತ್ತಾ ಹೋದರೆ ತೋರಿಸಿ.

ಎಎಸ್‌ಒ ವಿಷಯಕ್ಕೆ ಬಂದರೆ, ಅದು ಸ್ಟ್ರೆಪ್ ಬ್ಯಾಕ್ಟೀರಿಯ ಯಾವಾಗಲೋ ಬಂದುಹೋದದ್ದರ ಗುರುತು. ತಿಂಗಳುಗಟ್ಟಲೆ ಮೇಲೆಯೇ ಇರುತ್ತದೆ. ಲ್ಯಾಬಿನವರು ದಪ್ಪಕ್ಷರದಲ್ಲಿ ಅಚ್ಚುಹಾಕಿದ್ದಾರೆಂದು ಆ್ಯಂಟಿಬಯೋಟಿಕ್ ನುಂಗುವುದು ಬೇಡ ಮಾರಾಯ್ರೆ. ದೊಡ್ಡವರ ಗಂಟಲು ನೋವಿನಲ್ಲಿ ಸ್ಟ್ರೆಪ್‌ನದ್ದು ನೂರಕ್ಕೆ 5ರಿಂದ 15 ಮಾತ್ರ, ಉಳಿದದ್ದು ಹೆಚ್ಚಾಗಿ ವೈರಸ್. ನಿಮ್ಮ ಜ್ವರ ಮಾತ್ರೆಯಿಂದಲೇ ಬಿಟ್ಟಿತೆಂದೂ ಹೇಳಲಾಗದು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಬೇರೆ: ಒಂದೇ ಬದಿಯ ವಿಪರೀತ ನೋವು, ಬಾಯಿ ತೆರೆಯಲಾಗದಿರುವುದು, ಉಗುಳು ನುಂಗಲಾಗದೆ ಸುರಿಯುವುದು. ಮತ್ತೆ ಜ್ವರ ಬಂದು ಕೈಕಾಲಿನ ಕೀಲುಗಳು ಒಂದಾದ ಮೇಲೊಂದು ಬಾತರೆ, ಏದುಸಿರು ಬಂದರೆ, ಮುಖ ಊದಿ ಮೂತ್ರ ಕಂದಾದರೂ ಅಷ್ಟೇ.

ಮಗಳಿಗೆ ಖಂಡಿತ ಕೊಡಬೇಡಿ. ಆ ವಯಸ್ಸಿನವರಲ್ಲಿ ಗಂಟಲು ನೋವು ತರುವ ಎಪ್‌ಸ್ಟೀನ್–ಬಾರ್ ವೈರಸ್ ಸಾಮಾನ್ಯ. ಅದಿದ್ದಾಗ ಅಮಾಕ್ಸಿಸಿಲಿನ್ ಕೊಟ್ಟರೆ ಎಷ್ಟೋ ಸಲ ಮೈತುಂಬಾ ಕೆಂಪು ಗಂಧೆ ಏಳುತ್ತದೆ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಜಾತಿಯದ್ದೇ ಆದ್ದರಿಂದ ಆಮೇಲೆ ಜೀವಮಾನವಿಡೀ ಅವಳ ಫೈಲಿನಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂಬ ಸುಳ್ಳು ಷರಾ. ಡಾಕ್ಟರಿಗೆ ತೋರಿಸಿ, ಗಂಟಲಿನ ಸ್ವಾಬ್ (ಹತ್ತಿಕಡ್ಡಿಯಿಂದ ಒರೆಸಿ ತೆಗೆದ ದ್ರವ) ಪರೀಕ್ಷೆ ಮಾಡಿಸಿ. ಸ್ಟ್ರೆಪ್ ಎಂದೇ ಬಂದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ 10 ದಿನ. ಎರಡೇ ದಿನದಲ್ಲಿ ಜ್ವರ ಇಳಿಯಿತೆಂದು ನಿಲ್ಲಿಸಬಾರದು.