ಅಜ್ಜನ ಟ್ರಂಕಿನ ಜಪಾನಿ ಕಿರುಗತ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಜಪಾನಿನ ಹಳೇ ಕಿರುಗತ್ತಿಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಷ್ಟು ಜನ ಓದುತ್ತಾರೆ ಅಂದುಕೊಂಡಿರಲಿಲ್ಲ. ಹೊಸಬರಿಗೆ ಒಂದು ಮಾತು: ನಾನು ಭದ್ರಾವತಿಯಲ್ಲಿ ಉಕ್ಕು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದವನು. ಆಮೇಲೆ ಆರು ವರ್ಷ ಜಪಾನಿನ ಓಕಯಾಮದಲ್ಲಿದ್ದೆ. ಕತ್ತಿಯ ಹುಚ್ಚು ಹಿಡಿದದ್ದು ಅಲ್ಲೇ.

ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದರು. ಅವರ ಟ್ರಂಕಿನಲ್ಲಿ ಒಂದೂವರೆ ಅಡಿ ಅಲಗಿನ ಜಪಾನಿ ಕತ್ತಿ ಸಿಕ್ಕಿದೆ. ತುಕ್ಕು ಹಿಡಿದಿದೆ. ಸಾಣೆ ಹಿಡಿಸಿ ಗೋಡೆಗೆ ಹಾಕಬಹುದಾ? (ಓದುಗರೊಬ್ಬರು, ಮಡಿಕೇರಿ)

ದಯವಿಟ್ಟು ಬೇಡ. ಸಾಣೆಯವನ ಚಕ್ರಕ್ಕೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಕತ್ತಿಯ ಕಥೆ ಮುಗಿಯುತ್ತದೆ. ಜಪಾನಿನಲ್ಲಿ ಇದಕ್ಕೇ ಬದುಕು ಸವೆಸಿದ ಕೆಲಸಗಾರರಿದ್ದಾರೆ. ಅವರು ಒಂದರ ಮೇಲೊಂದು ಕಲ್ಲು ಬದಲಿಸುತ್ತಾ ವಾರಗಟ್ಟಲೆ ಕೈಯಲ್ಲೇ ಉಜ್ಜುತ್ತಾರೆ. ಅವರು ಉಜ್ಜಿದರೂ ಪ್ರತಿ ಸಲ ಸ್ವಲ್ಪ ಉಕ್ಕು ಹೋಗುತ್ತದೆ.

ಮೊದಲು ಅಲಗಿನ ತುದಿಯಿಂದ ಹಿಡಿಯ ಹತ್ತಿರ ಬೆನ್ನಿನಲ್ಲಿರುವ ಕಚ್ಚಿನವರೆಗೆ ನೇರವಾಗಿ ಅಳೆಯಿರಿ. ಅವರ ಹಳೇ ಅಳತೆ ಶಾಕು, ಅಂದರೆ 30.3 ಸೆಂ.ಮೀ. ಒಂದು ಶಾಕುವಿಗಿಂತ ಗಿಡ್ಡ ಇದ್ದರೆ ತಾಂತೋ. ಒಂದರಿಂದ ಎರಡು ಶಾಕು ಇದ್ದರೆ ವಾಕಿಝಾಶಿ. ನೀವು ಹೇಳಿದ ಅಳತೆ ಸರಿ ಇದ್ದರೆ ನಿಮ್ಮದು ವಾಕಿಝಾಶಿ.

ಆಮೇಲೆ ಹಿಡಿಯಲ್ಲಿ ಒಂದು ಬಿದಿರಿನ ಮೊಳೆ ಹುಡುಕಿ. ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಹೊರಗೆ ಬರುತ್ತದೆ, ಹಿಡಿಯೂ ಕಳಚುತ್ತದೆ. ಒಳಗಿರುವ ಬಾಲದಂಥ ಭಾಗಕ್ಕೆ ನಕಾಗೋ ಅನ್ನುತ್ತಾರೆ. ಜಾತಕ ಇರುವುದು ಅಲ್ಲೇ. ಅದರ ತುಕ್ಕು ಹುಣಸೆ ಬೀಜದ ಬಣ್ಣಕ್ಕೆ ತಿರುಗಿ ನಯವಾಗಿದ್ದರೆ ಖುಷಿಪಡಿ, ಅದು ವಯಸ್ಸಿನ ಗುರುತು. ಆ ತುಕ್ಕನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಅದನ್ನು ಕೆರೆದ ಕತ್ತಿಯನ್ನು ಸಂಗ್ರಹಕಾರರು ಕೈಯಿಂದ ಕೆಳಗಿಡುತ್ತಾರೆ. ತೂತು, ಅರದ ಗೆರೆ, ಅಕ್ಷರ ಇವುಗಳ ಫೋಟೋ ತೆಗೆದಿಡಿ.

ಅಲ್ಲಿ ಪುಟ್ಟ ಮುದ್ರೆ ಒತ್ತಿದ್ದರೆ ಅದು ಬಹುಶಃ ಯುದ್ಧಕಾಲದ ಕಾರ್ಖಾನೆ ಮಾಲು, ಎಣ್ಣೆಯಲ್ಲಿ ಹದ ಹಾಕಿದ್ದು. ಅಂಥದ್ದನ್ನು ಜಪಾನಿನಲ್ಲಿ ಕಲಾವಸ್ತು ಎಂದು ನೋಂದಾಯಿಸುವುದೇ ಇಲ್ಲ. ಆದರೆ ಕೆಲವು ಅಧಿಕಾರಿಗಳು ಮನೆತನದ ಹಳೇ ಅಲಗಿಗೆ ಮಿಲಿಟರಿ ಹಿಡಿ, ಒರೆ ಹಾಕಿಸಿಕೊಂಡು ಹೋಗಿದ್ದರು. ಅದಕ್ಕೇ ಹೊರಗಿನ ಒರೆ ನೋಡಿ ಏನೂ ಹೇಳಬಾರದು.

ಸದ್ಯಕ್ಕೆ ಅಲಗಿಗೆ ಮಾತ್ರ ಹೊಲಿಗೆ ಯಂತ್ರದ ತೆಳು ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ನಿಮ್ಮೂರ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ. ಬೆರಳು ತಾಗಿಸಬೇಡಿ. ನನ್ನ ಹೆಬ್ಬೆಟ್ಟಿನ ಗುರುತು ಇವತ್ತಿಗೂ ಒಂದು ಅಲಗಿನ ಮೇಲೆ ಕೂತಿದೆ.

ಅಲಗಿನ ಮೇಲೆ ಬಿಳಿ ಅಲೆ ಕಾಣುತ್ತಲ್ಲ, ಅದು ಕೆತ್ತಿದ್ದಾ? ಅದರಲ್ಲಿ ನೋಡುವಂಥದ್ದೇನು? (ಓದುಗರೊಬ್ಬರು, ಶಿವಮೊಗ್ಗ)

ಕೆತ್ತಿದ್ದಲ್ಲ, ಹದದಲ್ಲಿ ಹುಟ್ಟಿದ್ದು. ಹೆಸರು ಹಮೋನ್. ಕಮ್ಮಾರ ಅಲಗಿಗೆ ಮಣ್ಣು ಮೆತ್ತುತ್ತಾನೆ. ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಥಟ್ಟನೆ ತಣಿದು ಗಡುಸಾಗುತ್ತದೆ. ಬೆನ್ನು ನಿಧಾನಕ್ಕೆ ತಣಿದು ಮೆತ್ತಗೆ ಉಳಿಯುತ್ತದೆ. ಎರಡೂ ಸೇರುವ ಗಡಿಯೇ ಆ ಅಲೆ. ಕೆಲವು ಕತ್ತಿಗಳಲ್ಲಿ ಅದು ಮಂಜಿನಂತೆ ಇರುತ್ತದೆ, ನಿಯೋಯಿ. ಕೆಲವುಗಳಲ್ಲಿ ಬಿಡಿ ಬಿಡಿ ಹೊಳೆಯುವ ಕಾಳು, ನಿಯೆ.

ಆ ಕಾಳುಗಳು ಮಾರ್ಟೆನ್ಸೈಟ್, ಅಂದರೆ ಉಕ್ಕು ಥಟ್ಟನೆ ತಣಿದಾಗ ಹುಟ್ಟುವ ಗಡುಸು ಹರಳು. ಲ್ಯಾಬಿನಲ್ಲಿ ಆಸಿಡ್ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ವರ್ಷಗಟ್ಟಲೆ ನೋಡಿದ್ದನ್ನು ಅಲ್ಲಿ ಬರಿಗಣ್ಣಲ್ಲಿ ನೋಡಿದೆ. ಓಕಯಾಮದ ಹತ್ತಿರದ ಓಸಾಫುನೆಯ ಕತ್ತಿ ಮ್ಯೂಸಿಯಮ್ಮಿನಲ್ಲಿ ಗಾಜಿನ ಮುಂದೆ ಮಂಡಿ ಬಗ್ಗಿಸಿ ನಿಂತವನು ಹೊರಡಲೇ ಇಲ್ಲ. ಜೊತೆಗಿದ್ದ ಹೆಂಡತಿ ಊಟ ಮುಗಿಸಿ ಬಂದಳು! ಮಂಡಿ ಯಾಕೆ ಅಂದ್ರೆ, ದೀಪ ಅಲಗಿನಲ್ಲಿ ಪ್ರತಿಫಲಿಸುವ ಮೂಲೆಗೆ ಕಣ್ಣು ಬರಬೇಕು. ನೇರ ನಿಂತರೆ ಬರೀ ಸ್ಟೀಲ್ ಪಟ್ಟಿ ಕಾಣುತ್ತದೆ. ಮನೆಯಲ್ಲಾದರೆ ಒಂದೇ ಬಲ್ಬು ಸಾಕು, ಟ್ಯೂಬ್‌ಲೈಟ್ ಪ್ರಯೋಜನವಿಲ್ಲ.

ದೊಡ್ಡ ಕಮ್ಮಾರನ ಹೆಸರಿರುವ ವಾಕಿಝಾಶಿ ಕಡಿಮೆ ಬೆಲೆಗೆ ಬಂದಿದೆ. ತಗೊಳ್ಳಲಾ? (ಓದುಗರೊಬ್ಬರು, ನ್ಯೂಜೆರ್ಸಿ)

ಉದ್ದ ಕತ್ತಿಗಿಂತ ವಾಕಿಝಾಶಿ ಸಾಮಾನ್ಯವಾಗಿ ಅಗ್ಗವೇ. ಎದೋ ಕಾಲದಲ್ಲಿ (1603–1868) ಎರಡು ಕತ್ತಿ ಕಟ್ಟುವ ಹಕ್ಕು ಸಮುರಾಯಿಗಳದ್ದು. ಆದರೆ ವ್ಯಾಪಾರಿಗಳೂ ಒಂದು ಗಿಡ್ಡ ಕತ್ತಿ ಸಿಕ್ಕಿಸಿಕೊಳ್ಳಬಹುದಿತ್ತು. ಹಾಗಾಗಿ ಜಾಸ್ತಿ ಹುಟ್ಟಿದವು, ಜಾಸ್ತಿ ಉಳಿದವು. ಅಗ್ಗ ಅನ್ನುವುದಕ್ಕೆ ಹೆದರಬೇಡಿ, ಹೆಸರಿಗೆ ಹೆದರಿ.

ನಾನು ಬಿದ್ದದ್ದು ಹೆಸರಿಗೇ. ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ‘ಕೋತೆತ್ಸು’ ಎಂದು ಕೆತ್ತಿದ್ದ ವಾಕಿಝಾಶಿ ಕಂಡೆ. 17ನೇ ಶತಮಾನದ ಎದೋ ನಗರದ (ಈಗಿನ ಟೋಕಿಯೋ) ದೊಡ್ಡ ಕಮ್ಮಾರ ಆತ. ಎರಡು ತಿಂಗಳ ಸಂಬಳ ಎಣಿಸಿ ಕೊಟ್ಟೆ. ಓಕಯಾಮದ ಗೆಳೆಯ ಹಿಡಿ ಬಿಚ್ಚಿ, ಭೂತಗನ್ನಡಿ ಹಿಡಿದು, ‘ಹೂಂ’ ಅಂದ, ಅಷ್ಟೆ. ಸುತ್ತಲಿನ ತುಕ್ಕು ಕಪ್ಪು, ಅಕ್ಷರದ ಒಳಗಿನ ತುಕ್ಕು ಎಳೇ ಕೆಂಪು. ಯಾರೋ ಆಮೇಲೆ ಕೊರೆದ ಹೆಸರು. ಕೋತೆತ್ಸು ಹೆಸರಿನಲ್ಲಿ ನಕಲಿ ಎಷ್ಟಿವೆ ಎಂದರೆ, ಅಲ್ಲಿನವರು ಆ ಹೆಸರು ಕಂಡ ಕೂಡಲೇ ಅನುಮಾನ ಪಡುತ್ತಾರೆ. ನನಗೊಬ್ಬನಿಗೇ ಸಂಭ್ರಮ.

ಆದ್ದರಿಂದ ಮಾರುವವರನ್ನು ಎನ್‌ಬಿಟಿಎಚ್‌ಕೆ ಪ್ರಮಾಣಪತ್ರ ಕೇಳಿ. ಅದು ಜಪಾನಿನಲ್ಲಿ ಕತ್ತಿಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆ. 1948ರಲ್ಲಿ ಶುರುವಾದ ಈ ಸಂಸ್ಥೆಯೇ ಟೋಕಿಯೋದ ರ್‍ಯೋಗೊಕುವಿನಲ್ಲಿ ಕತ್ತಿ ಮ್ಯೂಸಿಯಂ ನಡೆಸುತ್ತದೆ. ಮೊದಲ ಕತ್ತಿಗೆ ಅವರ ‘ಹೋಜೋನ್’ (ಉಳಿಸಿಕೊಳ್ಳಲು ಯೋಗ್ಯ) ದರ್ಜೆ ಸಾಕು. ಹೆಸರಿಲ್ಲದ, ಆದರೆ ಪತ್ರ ಇರುವ ಅಲಗನ್ನೇ ನಾನಾದರೆ ಆರಿಸುತ್ತೇನೆ.

ಜಪಾನಿನಿಂದ ಬೆಂಗಳೂರಿಗೆ ಕತ್ತಿ ತರಿಸಬಹುದಾ? ನಿಮ್ಮ ಹತ್ತಿರ ಎಷ್ಟಿವೆ? (ಓದುಗರೊಬ್ಬರು, ಬೆಂಗಳೂರು)

ಸುಮ್ನೆ ಪಾರ್ಸಲ್ ಮಾಡಿಸಬೇಡಿ. ಜಪಾನಿನಲ್ಲಿ ಕತ್ತಿಯ ನೋಂದಣಿ ಚೀಟಿ ಹಿಂದಿರುಗಿಸಿ, ಹೊರಗೆ ಒಯ್ಯಲು ಪತ್ರ ಮಾಡಿಸಬೇಕು. ನಮ್ಮಲ್ಲಿ ಒಂಬತ್ತು ಇಂಚು ಮೀರಿದ ಇಂಥ ಅಲಗು ಆಯುಧದ ಲೆಕ್ಕಕ್ಕೆ ಬರುತ್ತದೆ, ತರಿಸಲು ಪರವಾನಗಿ ಬೇಕು. ಮೊದಲು ವಕೀಲರನ್ನು ಕೇಳಿ.

ನನ್ನ ಹತ್ತಿರ ಇಲ್ಲಿ ಒಂದೂ ಇಲ್ಲ. ಆ ಸುಳ್ಳು ಕೋತೆತ್ಸು ಓಕಯಾಮದ ಗೆಳೆಯನ ಬೀರುವಿನಲ್ಲಿದೆ, ಚೀಟಿಯೂ ಈಗ ಅವನ ಹೆಸರಿಗೇ. ಎಣ್ಣೆ ಹಚ್ಚುವ ದಿನ ವಿಡಿಯೋ ಕಾಲ್ ಮಾಡುತ್ತಾನೆ. ಹೆಬ್ಬೆಟ್ಟಿನ ಗುರುತನ್ನೂ ಬೇಕೆಂದೇ ತೋರಿಸುತ್ತಾನೆ.